ಬೆಳಕಿಗೆ ಕರಗುವ ಚಿತ್ರ

ಹಬ್ಬದ ಊಟಕ್ಕೆ ಕುಳಿತಾಗ ಬಿಳಿಯ ಪಂಚೆಯ ಮೇಲೆ ಹುಳಿ ಚೆಲ್ಲಿ ಅರಿಶಿನದ ಕರೆಯಾಗುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಸೋಪು ಹಾಕಿ ಎಷ್ಟು ಉಜ್ಜಿದರೂ ಆ ಕರೆ ಪೂರ್ತಿ ಹೋಗದು. ಸೋಪು ತಾಗಿದೊಡನೆ ಕೆಂಪಾಗಿ ಇನ್ನಷ್ಟು ಗಾಬರಿ ಹುಟ್ಟಿಸುವುದೂ ಉಂಟು. ಆದರೆ ಮನೆಯ ಹಿರಿಯ ಹೆಂಗಸರು ಗಾಬರಿಯಾಗುವುದಿಲ್ಲ. "ಬಿಸಿಲಿಗೆ ಹಾಕು, ತಾನೇ ಹೋಗುತ್ತದೆ" ಎನ್ನುವರು. ಹಾಗೆಯೇ ಆಗುವುದು. ಹಿತ್ತಲಿನ ಹಗ್ಗದ ಮೇಲೆ ಒಂದೆರಡು ದಿನ ಒಣಗಿದ ಪಂಚೆಯಲ್ಲಿ ಕರೆಯ ಗುರುತು ಉಳಿದಿರುವುದಿಲ್ಲ.

ಆ ಹಳದಿ ಎಲ್ಲಿ ಹೋಯಿತು? ನೀರಿನಲ್ಲಿ ಕರಗಿ ಹೋಗಲಿಲ್ಲ, ಗಾಳಿಗೆ ಹಾರಿಹೋಗಲಿಲ್ಲ. ಬಣ್ಣವನ್ನು ಕೊಡುತ್ತಿದ್ದ ಅಣುಗಳು ಇದ್ದ ಜಾಗದಲ್ಲಿಯೇ ಒಡೆದು ಬಣ್ಣವಿಲ್ಲದ ಬೇರೆ ಅಣುಗಳಾದುವು. ಒಡೆದದ್ದು ಬೆಳಕು. ಅಗಸನಿಗೆ ಉಪಕಾರಿಯಾದ ಈ ಕ್ರಿಯೆಯೇ ಚಿತ್ರಗಳನ್ನು ಕಾಪಾಡುವವರಿಗೆ ದೊಡ್ಡದೊಂದು ಚಿಂತೆ. ಇನ್ನೂರು ವರ್ಷಗಳಷ್ಟು ಹಳೆಯದಾದ ಒಂದು ಜಲವರ್ಣ ಚಿತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಚಿಂತೆ ಎಂಥದೆಂಬುದನ್ನು ನಾವು ಈ ಲೇಖನದಲ್ಲಿ ವಿಚಾರಮಾಡೋಣ.

ದಿಬ್ಬದ ಮೇಲಿಂದ ಕಂಡ ನಗರ

ವಿಲಿಯಂ ಗೈ ವಾಲ್ ಎಂಬ ಚಿತ್ರಕಾರನು 1792ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದವನು. 1818ರಲ್ಲಿ ಅಮೆರಿಕಕ್ಕೆ ಬಂದು, ಹಡ್ಸನ್ ನದಿಯ ದೃಶ್ಯಗಳನ್ನು ಜಲವರ್ಣದಲ್ಲಿ ಚಿತ್ರಿಸಿ ಹೆಸರು ಪಡೆದನು. 1820 ಮತ್ತು 1823ರ ನಡುವೆ ಅವನು ನ್ಯೂಯಾರ್ಕ್ ನಗರವನ್ನು ಎದುರು ದಡದ ಬ್ರೂಕ್ಲಿನ್ ದಿಬ್ಬದ ಮೇಲಿನಿಂದ ನೋಡಿ ಒಂದು ಚಿತ್ರವನ್ನು ಬರೆದನು. ಮುಂಭಾಗದಲ್ಲಿ ಹಸಿರು ದಿಬ್ಬ. ಅದರ ಕೆಳಗೆ ಈಸ್ಟ್ ರಿವರ್ ಎಂಬ ಹೆಸರಿನ, ನಿಜವಾಗಿ ಸಮುದ್ರದ ಉಬ್ಬರವಿಳಿತಗಳಿಗೆ ಒಳಪಟ್ಟ ಜಲಸಂಧಿ. ನೀರಿನ ಮೇಲೆ ಹಾಯಿ ಬಿಚ್ಚಿದ ಹಡಗುಗಳು. ಆಚೆಯ ದಡದಲ್ಲಿ ಚರ್ಚುಗಳ ಚೂಪಾದ ಗೋಪುರಗಳು ಅಲ್ಲಲ್ಲಿ ತಲೆಯೆತ್ತಿದ ನಗರದ ಸಾಲು. ಇವೆಲ್ಲದರ ಮೇಲೆ ವಿಶಾಲವಾದ ಆಕಾಶ. ಚಿತ್ರವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ. ಎಡ್ವರ್ಡ್ ಆರ್ನಾಲ್ಡ್ ಎಂಬವರ ಉಯಿಲಿನಂತೆ 1954ರಲ್ಲಿ ಅಲ್ಲಿಗೆ ಬಂದಿತು.

ವಾಲ್ ಚಿತ್ರಿಸಿದ ನಗರವು ಬೆಳೆಯುವ ಹುಡುಗನಂತೆ ವರ್ಷದಿಂದ ವರ್ಷಕ್ಕೆ ಗುರುತು ಸಿಗದಷ್ಟು ಬದಲಾಗುತ್ತಿದ್ದಿತು. 1790ರಲ್ಲಿ ಅದರ ಜನಸಂಖ್ಯೆ 33,131, 1820ರಲ್ಲಿ 1,23,706, 1830ರ ವೇಳೆಗೆ ಸುಮಾರು ಎರಡು ಲಕ್ಷ. 1817ರಲ್ಲಿ ಪ್ರಾರಂಭವಾಗಿ 1825ರಲ್ಲಿ ಮುಗಿದ 363 ಮೈಲಿ ಉದ್ದದ ಈರಿ ಕಾಲುವೆಯು ಒಳನಾಡಿನ ದೊಡ್ಡ ಸರೋವರಗಳನ್ನು ಹಡ್ಸನ್ ನದಿಯ ಮೂಲಕ ಈ ಬಂದರಿಗೆ ಜೋಡಿಸಿತು. ದೇಶದ ಒಳಭಾಗದ ಧಾನ್ಯವೂ ಮರವೂ ಈ ರೇವಿಗೆ ಇಳಿಯತೊಡಗಿದುವು. ಚಿತ್ರವನ್ನು ಬರೆಯುವಾಗ ಕಾಲುವೆಯ ಅಗೆತ ಇನ್ನೂ ನಡೆಯುತ್ತಿದ್ದಿತು.

1835ರ ಡಿಸೆಂಬರ್ ತಿಂಗಳ ಒಂದು ರಾತ್ರಿ ನಗರದಲ್ಲಿ ಬೆಂಕಿ ಬಿದ್ದಿತು. ಅಂದಿನ ಚಳಿ ಎಷ್ಟು ತೀವ್ರವಾಗಿತ್ತೆಂದರೆ ಬೆಂಕಿಯನ್ನು ಆರಿಸಲು ಬೇಕಾದ ನೀರು ಹೆಪ್ಪುಗಟ್ಟಿತ್ತು. ವಾಲ್ ಸ್ಟ್ರೀಟಿನ ಸುತ್ತಲಿನಿಂದ ಈಸ್ಟ್ ರಿವರ್ ದಡದವರೆಗೆ ನೂರಾರು ಕಟ್ಟಡಗಳು ಬೂದಿಯಾದುವು. ಬ್ರೂಕ್ಲಿನ್ ದಿಬ್ಬಕ್ಕೆ ಎದುರಾಗಿದ್ದ ದಡವೇ ಅದು. ಫ್ರಾನ್ಸಿನಲ್ಲಿ ಡಗೇರ್ ಎಂಬವನು ತನ್ನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ಪ್ರಕಟಿಸಿದ್ದು 1839ರಲ್ಲಿ. ಈ ಎರಡು ವರ್ಷಗಳನ್ನು ವಾಚಕರು ಜೊತೆಯಲ್ಲಿಟ್ಟು ನೋಡಬೇಕು. ಸುಟ್ಟುಹೋದ ಆ ದಡದ ಛಾಯಾಚಿತ್ರ ಒಂದೂ ಇಲ್ಲ, ಇನ್ನು ಮುಂದೆ ದೊರೆಯುವಂತೆಯೂ ಇಲ್ಲ. ಅದು ಹೇಗಿದ್ದಿತು, ಅದರ ಮೇಲಿನ ಆಕಾಶ ಯಾವ ಬಣ್ಣದ್ದಾಗಿದ್ದಿತು ಎಂಬುದಕ್ಕೆ ಸಾಕ್ಷಿ ಹೇಳಬಲ್ಲವು ಇಂಥ ಕೆಲವು ಕಾಗದದ ಹಾಳೆಗಳು ಮಾತ್ರ. ಆ ಸಾಕ್ಷಿಯೂ ನಾವು ನೋಡಿದಷ್ಟೂ ಸವೆಯುವಂಥದು ಎಂಬುದೇ ಇಲ್ಲಿನ ತೊಡಕು.

ಕಾಗದವೇ ದೀಪ

ಜಲವರ್ಣ ಚಿತ್ರದ ರಚನೆ ಬಹು ಸರಳ. ನುಣ್ಣಗೆ ಅರೆದ ವರ್ಣದ್ರವ್ಯ, ಅದನ್ನು ಹಿಡಿದಿಡಲು ಜಾಲಿಯ ಜಾತಿಯ ಮರದಿಂದ ಬರುವ ಗೋಂದು, ಬೇಕಾದಷ್ಟು ನೀರು, ಇವಿಷ್ಟೇ ಅದರ ಸಾಮಗ್ರಿ. ನೀರು ಆರಿದ ಮೇಲೆ ಕಾಗದದ ನಾರುಗಳಿಗೆ ಅಂಟಿಕೊಂಡ ಬಣ್ಣದ ಕಣಗಳ ಅತಿ ತೆಳುವಾದ ಪದರವೊಂದು ಉಳಿಯುವುದು. ಎಣ್ಣೆಯ ಬಣ್ಣದಲ್ಲಾದರೆ ಕಣಗಳು ಎಣ್ಣೆಯ ಗಟ್ಟಿ ಪೊರೆಯೊಳಗೆ ಹುದುಗಿರುವುವು. ಇಲ್ಲಿ ಅವು ಹೆಚ್ಚು ಕಡಮೆ ಗಾಳಿಗೆ ತೆರೆದುಕೊಂಡೇ ಇರುವುವು.

ಜಲವರ್ಣದ ಹೊಳಪು ಬರುವುದು ಕಾಗದದ ಬಿಳುಪಿನಿಂದ. ಬೆಳಕು ಬಣ್ಣದ ಪದರವನ್ನು ಹಾಯ್ದು ಒಳಕ್ಕೆ ಹೋಗಿ, ಬಿಳಿಯ ಕಾಗದದಿಂದ ಪ್ರತಿಫಲಿಸಿ, ಅದೇ ಪದರವನ್ನು ಮತ್ತೊಮ್ಮೆ ಹಾಯ್ದು ನಮ್ಮ ಕಣ್ಣಿಗೆ ಬರುವುದು. ಒಂದು ಲೆಕ್ಕ ಮಾಡೋಣ. ನೂರು ಪಾಲು ಬೆಳಕು ಬಿದ್ದಿತೆನ್ನಿ. ತೆಳುವಾದ ಪದರವು ಅದರಲ್ಲಿ ಅರ್ಧವನ್ನು ಹೀರಿಕೊಂಡರೆ ಕಾಗದವನ್ನು ಮುಟ್ಟುವುದು 50 ಪಾಲು. ಕಾಗದವು ನೂರಕ್ಕೆ 80ರಂತೆ ಹಿಂದಿರುಗಿಸಿದರೆ 40 ಪಾಲು. ಮರಳುವಾಗ ಮತ್ತೆ ಅರ್ಧ ಕಳೆದು ಕಣ್ಣಿಗೆ ಬರುವುದು 20 ಪಾಲು.

ಈಗ ಆ ಪದರದ ವರ್ಣದ್ರವ್ಯದಲ್ಲಿ ಅರ್ಧದಷ್ಟು ನಾಶವಾಯಿತೆಂದು ಭಾವಿಸೋಣ. ಆಗ ಒಂದು ಸಲ ಹಾಯ್ದಾಗ ಸುಮಾರು 71 ಪಾಲು ಉಳಿಯುವುದು. ಎರಡು ಸಲದ ಲೆಕ್ಕವನ್ನು ಮಾಡಿದರೆ ಕಣ್ಣಿಗೆ ಬರುವುದು 40 ಪಾಲು, ಅಂದರೆ ಮೊದಲಿನ ಎರಡರಷ್ಟು. ಮಧ್ಯಮ ಛಾಯೆಯಾಗಿದ್ದುದು ಬಿಳುಪಿನ ಕಡೆಗೆ ಜಾರಿಬಿಟ್ಟಿತು. ಇದಕ್ಕೆ ಬದಲಾಗಿ, ಒಂದು ಸಲಕ್ಕೆ ಹತ್ತನೆಯ ಒಂದು ಭಾಗವನ್ನು ಮಾತ್ರ ಬಿಡುವ ದಟ್ಟವಾದ ಪದರವೊಂದನ್ನು ತೆಗೆದುಕೊಂಡರೆ, ಅದರ ಅರ್ಧ ಬಣ್ಣ ಹೋದ ಮೇಲೂ ಹಿಂದಿರುಗುವುದು 8 ಪಾಲು ಮಾತ್ರ. ಕಣ್ಣಿಗೆ ಅದು ಇನ್ನೂ ಕಪ್ಪಾಗಿಯೇ ಕಾಣುವುದು. ಆದ್ದರಿಂದ ಒಂದೇ ಬಣ್ಣವು ತೆಳುವಾಗಿ ಬಳಿದ ಕಡೆ ಬೇಗ ಮಾಸಿದಂತೆ ತೋರುವುದು.

ಯಾವ ಭಾಗಗಳಲ್ಲಿ ಬಣ್ಣ ತೆಳುವಾಗಿರುವುದು? ದೂರದ ವಸ್ತುಗಳಿಂದ ಬರುವ ಬೆಳಕಿನೊಡನೆ ನಡುವಿನ ಗಾಳಿ, ಧೂಳು, ಮಂಜುಗಳು ಚದರಿಸಿದ ಬೆಳಕೂ ಬೆರೆಯುವುದರಿಂದ ದೂರದ ಬೆಟ್ಟವೂ ಊರೂ ಮಸುಕಾಗಿ, ಕೆಲವೊಮ್ಮೆ ನೀಲಿಯಾಗಿ ಕಾಣುವುವೆಂಬುದನ್ನು ನಾವು ಬಲ್ಲೆವು. ಚಿತ್ರಕಾರರು ಇದನ್ನು ಅನುಸರಿಸಿ ಹತ್ತಿರದ ಮರ ಮಣ್ಣುಗಳನ್ನು ದಟ್ಟವಾಗಿಯೂ, ದೂರದ ದಡವನ್ನೂ ಆಕಾಶವನ್ನೂ ತೆಳುವಾಗಿಯೂ ಬಳಿಯುವರು. ಜಲವರ್ಣದಲ್ಲಿ ದೂರವೆಂದರೆ ತೆಳುವಾದ ಬಣ್ಣ. ಹೀಗಾಗಿ ಬಂದರಿನ ದೃಶ್ಯವೊಂದರಲ್ಲಿ ಮೊದಲು ಅಪಾಯಕ್ಕೊಳಗಾಗುವ ಭಾಗಗಳು ದೂರದ ನಗರ ಮತ್ತು ಅದರ ಮೇಲಿನ ಆಕಾಶ. ನಾವು ಉಳಿಸಿಕೊಳ್ಳಬೇಕೆಂದು ಬಯಸುವ ಭಾಗಗಳೂ ಅವೇ.

ಬಣ್ಣದ ಪೆಟ್ಟಿಗೆಯಲ್ಲಿ ಏನಿದ್ದಿತು?

ಹತ್ತೊಂಬತ್ತನೆಯ ಶತಮಾನದ ಮೊದಲಿನ ಜಲವರ್ಣದ ಪೆಟ್ಟಿಗೆಗಳಲ್ಲಿ ಎರಡು ಬಗೆಯ ಬಣ್ಣಗಳು ಇರುತ್ತಿದ್ದುವು. ಒಂದು, ಮಣ್ಣಿನ ಬಣ್ಣಗಳು. ಕೆಮ್ಮಣ್ಣು ಮೊದಲಾದ ಇವುಗಳ ಸತ್ವವು ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಬಂಧು. ಆಮ್ಲಜನಕವು ಕಬ್ಬಿಣಕ್ಕೆ ಏನು ಮಾಡಬಹುದೋ ಅದನ್ನು ಸಾವಿರಾರು ವರ್ಷಗಳ ಹಿಂದೆಯೇ ಮಾಡಿ ಮುಗಿಸಿದೆ. ಬೆಳಕಿಗೆ ಇವು ಜಗ್ಗುವುದಿಲ್ಲ.

ಇನ್ನೊಂದು, ಗಿಡಮರಗಳಿಂದಲೂ ಕೀಟಗಳಿಂದಲೂ ಪಡೆದ ಬಣ್ಣಗಳು. ಇವುಗಳಲ್ಲಿ ಮುಖ್ಯವಾದುದು ನೀಲಿ ಗಿಡದಿಂದ ಬರುವ ನೀಲಿ. ಆ ಕಾಲದಲ್ಲಿ ಯೂರೋಪಿನ ಮಾರುಕಟ್ಟೆಗೆ ನೀಲಿಯನ್ನು ಬಹುವಾಗಿ ಒದಗಿಸುತ್ತಿದ್ದುದು ನಮ್ಮ ಬಂಗಾಳ. ಹಳದಿಗಾಗಿ ಗ್ಯಾಂಬೋಜ್ ಎಂಬ ಮರದ ಹಾಲನ್ನು ಬಳಸುತ್ತಿದ್ದರು. ಕಾಂಬೋಜ ದೇಶದ ಹೆಸರಿನಿಂದಲೇ ಅದಕ್ಕೆ ಆ ಹೆಸರು ಬಂದಿದೆ. ನಮ್ಮ ಪಶ್ಚಿಮ ಘಟ್ಟಗಳ ಮುರುಗಲು, ಉಪ್ಪಾಗೆಗಳು ಇದೇ ಕುಲಕ್ಕೆ ಸೇರಿದ ಮರಗಳು. ಕೊಚಿನೀಲ್ ಎಂಬ ಕೀಟದಿಂದ ಕಡುಗೆಂಪು ದೊರೆಯುತ್ತಿದ್ದಿತು. ಇವೆಲ್ಲವೂ ಇಂಗಾಲದ ದೊಡ್ಡ ಅಣುಗಳಿಂದಾದುವು. ಅರಿಶಿನದ ಬಣ್ಣವೂ ಅಂಥದೇ. ಇವು ಬೆಳಕಿಗೆ ಬಲಿಯಾಗುವುವು.

ಬೆಳಕಿನ ಪೆಟ್ಟು

ಬೆಳಕು ಶಕ್ತಿಯ ಸಣ್ಣ ಸಣ್ಣ ಗಂಟುಗಳಾಗಿ, ಅಂದರೆ ಫೋಟಾನುಗಳಾಗಿ, ವಸ್ತುವಿಗೆ ತಲಪುವುದೆಂಬುದು ಕಾಲೇಜು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಕೆಂಪು ಬೆಳಕಿನ ಒಂದು ಫೋಟಾನಿನಲ್ಲಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದರೆ ನೇರಳೆ ಬೆಳಕಿನ ಫೋಟಾನಿನಲ್ಲಿ 3.1 ಇರುವುದು. ನೇರಳಾತೀತ ಕಿರಣಗಳಲ್ಲಿ ಇನ್ನೂ ಹೆಚ್ಚು. ಇಂಗಾಲದ ಎರಡು ಪರಮಾಣುಗಳ ನಡುವಣ ಒಂಟಿ ಬಂಧವನ್ನು ಒಡೆಯಲು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಗೋಡೆಯೊಂದನ್ನು ಹಾರಬೇಕಾದವನು ಅದರ ಅರ್ಧ ಎತ್ತರಕ್ಕೆ ಸಾವಿರ ಸಲ ನೆಗೆದರೂ ಆಚೆಗೆ ಬೀಳನು. ಒಂದೇ ನೆಗೆತದಲ್ಲಿ ಪೂರ್ತಿ ಎತ್ತರವನ್ನು ದಾಟಬೇಕು. ನೇರಳಾತೀತ ಕಿರಣಗಳು ಈ ನೆಗೆತವನ್ನು ನೇರವಾಗಿಯೇ ಮಾಡಬಲ್ಲುವು.

ಕಣ್ಣಿಗೆ ಕಾಣುವ ಬೆಳಕಿಗೆ ಅಷ್ಟು ಶಕ್ತಿಯಿಲ್ಲ. ಆದರೂ ಅದು ನಿರುಪದ್ರವಿಯಲ್ಲ. ಫೋಟಾನನ್ನು ನುಂಗಿದ ಬಣ್ಣದ ಅಣುವು ಕ್ಷಣಕಾಲ ಉದ್ರಿಕ್ತ ಸ್ಥಿತಿಯಲ್ಲಿರುವುದು. ಆ ಕ್ಷಣದಲ್ಲಿ ಪಕ್ಕದಲ್ಲಿ ಆಮ್ಲಜನಕವೂ ತೇವವೂ ಇದ್ದರೆ ಅವುಗಳೊಡನೆ ಕೂಡಿ ಅಣುವು ಕೆಡುವ ಸಂಭವ ಉಂಟು. ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಹೀರಿಕೊಂಡ ಬೆಳಕು ಮಾತ್ರವೇ ಕೆಡಿಸಬಲ್ಲುದು. ಆದರೆ ವಸ್ತುವಿಗೆ ಬಣ್ಣವೆಂಬುದು ಇರುವುದೇ ಅದು ಬೆಳಕಿನ ಒಂದು ಭಾಗವನ್ನು ಹೀರುವುದರಿಂದ. ಬಣ್ಣಕ್ಕೆ ಕಾರಣವಾದ ಕ್ರಿಯೆಯೇ ಅದರ ಅಳಿವಿಗೂ ಬಾಗಿಲು ತೆರೆದಿಡುವುದು.

ಇದನ್ನು ಮೊದಲು ಕ್ರಮಬದ್ಧವಾಗಿ ಪರೀಕ್ಷಿಸಿದವರು ಇಂಗ್ಲೆಂಡಿನ ರಸಾಯನ ವಿಜ್ಞಾನಿ ರಸ್ಸೆಲ್ ಮತ್ತು ಛಾಯಾಚಿತ್ರ ವಿಜ್ಞಾನದಲ್ಲಿ ಪರಿಣತನಾದ ಕ್ಯಾಪ್ಟನ್ ಅಬ್ನಿ. 1886ರಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ, ಪ್ರದರ್ಶನಕ್ಕಿಟ್ಟ ಜಲವರ್ಣ ಚಿತ್ರಗಳು ಬೆಳಕಿನಿಂದ ಹಾಳಾಗುತ್ತಿವೆಯೆ ಇಲ್ಲವೆ ಎಂಬ ಬಗ್ಗೆ ಬಿಸಿಬಿಸಿಯಾದ ವಾದವೊಂದು ಎದ್ದಿತು. ಸರ್ಕಾರವು ಈ ಇಬ್ಬರಿಗೆ ತನಿಖೆಯನ್ನು ವಹಿಸಿತು. ಅವರು ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು ಬಿಸಿಲಿಗೊಡ್ಡಿದರು. ಕೆಲವು ಕೊಳವೆಗಳಲ್ಲಿ ಸಾಮಾನ್ಯ ಗಾಳಿ, ಕೆಲವರಲ್ಲಿ ತೇವದ ಗಾಳಿ, ಕೆಲವರಲ್ಲಿ ಗಾಳಿಯನ್ನು ತೆಗೆದ ನಿರ್ವಾತ. ಬಣ್ಣದ ಗಾಜುಗಳ ಕೆಳಗೂ ಪರೀಕ್ಷೆ ನಡೆಯಿತು. 1888ರಲ್ಲಿ ಪ್ರಕಟವಾದ ಅವರ ವರದಿಯಿಂದ ವಾದವು ತೀರ್ಮಾನವಾಯಿತು. ಕೆಡುಕಿನಲ್ಲಿ ನೀಲಿ ನೇರಳೆ ಕಿರಣಗಳ ಕೈ ದೊಡ್ಡದು. ತೇವವಿದ್ದರೆ ಬಣ್ಣ ಬೇಗ ಮಾಸುವುದು. ನಿರ್ವಾತದಲ್ಲಿ ಹೆಚ್ಚಿನ ಬಣ್ಣಗಳು ಉಳಿದುಕೊಳ್ಳುವುವು. ಪ್ರಶ್ಯನ್ ನೀಲಿಯೊಂದು ಇದಕ್ಕೆ ವಿಚಿತ್ರವಾದ ಅಪವಾದ. ಅದು ಗಾಳಿಯಿಲ್ಲದ ಕಡೆ ಬೆಳಕಿಗೆ ಬಿಳಿಚಿಕೊಂಡು, ಕತ್ತಲೆಯಲ್ಲಿ ಗಾಳಿ ತಗುಲಿದರೆ ಮತ್ತೆ ನೀಲಿಯಾಗುವುದು.

ಕೆಂಪಾದ ಆಕಾಶ, ಬದಲಾದ ಮರ

ಒಂದು ಚಿತ್ರದ ಎಲ್ಲ ಬಣ್ಣಗಳೂ ಸಮನಾಗಿ ಮಾಸಿದ್ದರೆ ಹಾನಿ ಅಷ್ಟು ಮೋಸದ್ದಾಗುತ್ತಿರಲಿಲ್ಲ. ಚಿತ್ರ ಮಂಕಾಯಿತೆಂದು ಯಾರಿಗಾದರೂ ತಿಳಿಯುತ್ತಿದ್ದಿತು. ಆದರೆ ಚಿತ್ರಕಾರರು ಬಣ್ಣಗಳನ್ನು ಬೆರಸುವರು. ಮೋಡಗಳ ಬೂದು ಬಣ್ಣಕ್ಕಾಗಿ ಗಿಡದ ನೀಲಿಯನ್ನೂ ಕೆಮ್ಮಣ್ಣಿನ ಬಣ್ಣವನ್ನೂ ಕೂಡಿಸುವುದು ಆ ಕಾಲದ ರೂಢಿ. ಬೆಳಕಿಗೆ ನೀಲಿ ಹೋಗುವುದು, ಕೆಮ್ಮಣ್ಣು ಉಳಿಯುವುದು. ಮಳೆ ಹೊತ್ತ ಬೂದು ಮೋಡ ಸಂಜೆಯ ಕೆಂಬಣ್ಣದ ಮೋಡವಾಗಿ ಮಾರ್ಪಡುವುದು. ಮರದ ಹಸಿರನ್ನು ನೀಲಿ ಹಳದಿಗಳ ಬೆರಕೆಯಿಂದ ಮಾಡಿದ್ದರೆ, ಹಳದಿ ಹೋದಲ್ಲಿ ಮರ ನೀಲಿಯಾಗುವುದು. ನೀಲಿ ಹೋದಲ್ಲಿ ಎಲೆಗಳು ಒಣಗಿದಂತೆ ಕಾಣುವುವು. ನೋಡುವವನು ಇದನ್ನು ಚಿತ್ರಕಾರನ ಉದ್ದೇಶವೆಂದೇ ತಿಳಿದು, ಆ ದಿನದ ಹವೆಯನ್ನೂ ಋತುವನ್ನೂ ತಪ್ಪಾಗಿ ಓದುವನು.

ನಮ್ಮ ಮನೆಯಲ್ಲಿಯೇ ಇಂಥದೊಂದು ನಡೆಯಿತು. ಗೆಳೆಯರೊಬ್ಬರು ಬರೆದುಕೊಟ್ಟ ಕೆರೆಯ ಏರಿಯ ಜಲವರ್ಣ ಚಿತ್ರವನ್ನು ಪಡುವಣ ಕಿಟಕಿಯ ಎದುರಿಗೆ ತೂಗುಹಾಕಿದ್ದೆವು. ಕೆಲವು ವರ್ಷಗಳ ಮೇಲೆ ಕಟ್ಟು ಸಡಿಲವಾಯಿತೆಂದು ಬಿಚ್ಚಿದಾಗ, ರಟ್ಟಿನ ಅಂಚಿನ ಕೆಳಗೆ ಮುಚ್ಚಿಕೊಂಡಿದ್ದ ಬೆರಳಗಲದ ಪಟ್ಟಿಯಲ್ಲಿ ಆಕಾಶ ತೊಳೆದಿಟ್ಟಂತೆ ನೀಲಿಯಾಗಿದ್ದಿತು. ಉಳಿದ ಆಕಾಶವೆಲ್ಲ ಸುಣ್ಣದ ಗೋಡೆಯಂತೆ. ಭೌತವಿಜ್ಞಾನವನ್ನು ಬೋಧಿಸುವ ನಾವು ಆ ಚಿತ್ರವನ್ನು ದಿನವೂ ನೋಡುತ್ತಿದ್ದೆವು; ಬದಲಾವಣೆ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ನಿಧಾನವಾಗಿ ಆಗುವ ನಷ್ಟಕ್ಕೆ ಕಣ್ಣು ಸಾಕ್ಷಿಯಾಗಲಾರದು.

ಬೆಳಕಿನ ಪಡಿ

ಹಾಗಾದರೆ ಸಂಗ್ರಹಾಲಯದವರು ಏನು ಮಾಡುವರು? ಅವರು ಬೆಳಕನ್ನು ಪಡಿಯಂತೆ ಅಳೆದು ಕೊಡುವರು. ಚಿತ್ರಕ್ಕೆ ಆಗುವ ಹಾನಿಯು ಸ್ಥೂಲವಾಗಿ ಬೆಳಕಿನ ದೀಪ್ತಿಯನ್ನು ಕಾಲದಿಂದ ಗುಣಿಸಿದ ಮೊತ್ತಕ್ಕೆ ಅನುಗುಣವಾಗಿರುವುದು. ದೀಪ್ತಿಯ ಮಾನ ಲಕ್ಸ್. ನೇರ ಬಿಸಿಲು ಸುಮಾರು 1,00,000 ಲಕ್ಸ್. ಜಲವರ್ಣ ಚಿತ್ರಗಳಿಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ ಸುಮಾರು 50 ಲಕ್ಸ್. ನೇರಳಾತೀತ ಕಿರಣಗಳನ್ನು ಶೋಧಿಸಿ ತೆಗೆದುಬಿಡುವರು. ಚಿತ್ರವನ್ನು ದಿನಕ್ಕೆ 8 ಗಂಟೆಯಂತೆ 90 ದಿನ ತೋರಿಸಿದರೆ ಒಟ್ಟು 50 × 8 × 90, ಅಂದರೆ 36,000 ಲಕ್ಸ್-ಗಂಟೆಗಳಾಗುವುವು. ನೇರ ಬಿಸಿಲಿನಲ್ಲಿ ಇಷ್ಟೇ ಮೊತ್ತವು ಸುಮಾರು 22 ನಿಮಿಷಗಳಲ್ಲಿ ಸಂದುಹೋಗುವುದು. ಬಿಸಿಲಿನ ನೇರಳಾತೀತ ಕಿರಣಗಳ ಹಾನಿ ಬೇರೆ. ಮೂರು ತಿಂಗಳ ಪ್ರದರ್ಶನವನ್ನು 22 ನಿಮಿಷಗಳ ಬಿಸಿಲು ನುಂಗಿಬಿಡುವುದೆಂದಾಯಿತು.

ಮನೆಯ ಲೆಕ್ಕವನ್ನೂ ನೋಡೋಣ. 200 ಲಕ್ಸ್ ಬೆಳಕಿನ ಕೋಣೆಯಲ್ಲಿ ದಿನಕ್ಕೆ 10 ಗಂಟೆಯಂತೆ ವರ್ಷವಿಡೀ ತೂಗಿದ ಚಿತ್ರಕ್ಕೆ ಬೀಳುವ ಬೆಳಕು 7,30,000 ಲಕ್ಸ್-ಗಂಟೆ, ಎಂದರೆ ಇಪ್ಪತ್ತು ಪ್ರದರ್ಶನಗಳಷ್ಟು. ಐದು ವರ್ಷಕ್ಕೊಮ್ಮೆ ಪ್ರದರ್ಶಿಸುವುದಾದರೆ ಅದು ನೂರು ವರ್ಷಗಳ ಪಡಿ! ಮಂದವಾದ ಬೆಳಕಿನಲ್ಲಿಯೂ ಪ್ರತಿಯೊಂದು ನೀಲಿ ಫೋಟಾನಿನ ಪೆಟ್ಟು ಅಷ್ಟೇ ಬಲವಾದುದು. ಕಡಮೆಯಾಗುವುದು ಪೆಟ್ಟುಗಳ ಸಂಖ್ಯೆ ಮಾತ್ರ. ಪೂರ್ತಿ ಸುರಕ್ಷಿತವಾದ ಬೆಳಕು ಎಂಬುದಿಲ್ಲ. ಈ ಕಾರಣದಿಂದ ಇಂಥ ಚಿತ್ರಗಳು ಕೆಲವು ತಿಂಗಳು ಗೋಡೆಯ ಮೇಲಿದ್ದು, ಅನೇಕ ವರ್ಷಗಳು ಕತ್ತಲೆಯ ಪೆಟ್ಟಿಗೆಗಳಲ್ಲಿ ವಿಶ್ರಮಿಸುವುವು. ದೂರದಿಂದ ಬಂದ ಪ್ರವಾಸಿಗೆ ಚಿತ್ರ ಕಾಣದೆ ನಿರಾಶೆಯಾಗಬಹುದು. ಆದರೆ ಅವನ ಮೊಮ್ಮಕ್ಕಳ ಪಾಲನ್ನು ಅಲ್ಲಿ ಎತ್ತಿಡಲಾಗಿದೆ.

ಯಾವ ಚಿತ್ರಕ್ಕೆ ಎಷ್ಟು ಪಡಿ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. 1990ರ ದಶಕದಲ್ಲಿ ಪಾಲ್ ವಿಟ್‌ಮೋರ್ ಎಂಬ ಅಮೆರಿಕದ ವಿಜ್ಞಾನಿಯು ಒಂದು ಉಪಕರಣವನ್ನು ರೂಪಿಸಿದರು. ಅದು ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಚುಕ್ಕೆಯ ಮೇಲೆ ತೀಕ್ಷ್ಣವಾದ ಬೆಳಕನ್ನು ಬೀಳಿಸಿ, ಬಣ್ಣದ ಬದಲಾವಣೆಯನ್ನು ಕ್ಷಣಕ್ಷಣಕ್ಕೂ ಅಳೆಯುವುದು. ಕಣ್ಣಿಗೆ ತಿಳಿಯುವಷ್ಟು ಬದಲಾಗುವ ಮೊದಲೇ ಪರೀಕ್ಷೆಯನ್ನು ನಿಲ್ಲಿಸಬಹುದು.

ಈಗಾಗಲೇ ಅಳಿದುಹೋದ ಬಣ್ಣವನ್ನು ಮರಳಿ ತರುವುದು ಸಾಧ್ಯವಿಲ್ಲ. ಅದು ಯಾವುದಾಗಿತ್ತೆಂದು ತಿಳಿಯುವುದು ಕೆಲವೊಮ್ಮೆ ಸಾಧ್ಯ. ಇದಕ್ಕೆ ನೆರವಾಗಿರುವುದು ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಂಡುಹಿಡಿದ ಪರಿಣಾಮ. 1933ರಲ್ಲಿ ಬೆಂಗಳೂರಿಗೆ ಬಂದು 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ನೆಲಸಿದ ಆ ಮಹನೀಯರು ತೋರಿಸಿಕೊಟ್ಟಂತೆ, ಅಣುವಿನಿಂದ ಚದರಿದ ಬೆಳಕಿನಲ್ಲಿ ಆ ಅಣುವಿನ ಗುರುತು ಇರುವುದು. ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳ ಸಾನ್ನಿಧ್ಯದಲ್ಲಿ ಈ ಮಂದ ಬೆಳಕು ಅನೇಕ ಮಡಿ ಪ್ರಬಲವಾಗುವುದು. ಷಿಕಾಗೋ ನಗರದ ಕಲಾ ಸಂಗ್ರಹಾಲಯದಲ್ಲಿ ವಿನ್ಸ್ಲೊ ಹೋಮರ್ ಎಂಬವನು 1887ರಲ್ಲಿ ಬರೆದ ಜಲವರ್ಣ ಚಿತ್ರವೊಂದಿದೆ. ಅದರ ಆಕಾಶ ಬಿಳಿಚಿಹೋಗಿದ್ದಿತು. ಅಲ್ಲಿ ಉಳಿದಿದ್ದ ಕಣಗಳನ್ನು ಈ ವಿಧಾನದಿಂದ ಪರೀಕ್ಷಿಸಿದಾಗ ಕೆಂಪು ಬಣ್ಣಗಳ ಗುರುತು ಸಿಕ್ಕಿತು. ಆ ಬಿಳಿಯ ಆಕಾಶ ಒಂದು ಕಾಲದಲ್ಲಿ ಸಂಜೆಗೆಂಪಿನಿಂದ ತುಂಬಿದ್ದಿತು!

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ವಿದ್ಯಾರ್ಥಿಗಳು ಇದನ್ನೆಲ್ಲ ಬಾಯಿಮಾತಿಗೆ ನಂಬಬೇಕಾಗಿಲ್ಲ. ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಸ್ವಲ್ಪ ಗೋಂದು ಬೆರಸಿ ಬಿಳಿಯ ಕಾಗದದ ಮೇಲೆ ತೆಳುವಾಗಿ ಬಳಿಯಿರಿ. ಒಣಗಿದ ಮೇಲೆ ನಾಲ್ಕು ತುಂಡು ಮಾಡಿ, ಒಂದನ್ನು ರಟ್ಟಿನಿಂದಲೂ, ಒಂದನ್ನು ಕೆಂಪು ಬಣ್ಣದ ಪಾರದರ್ಶಕ ಹಾಳೆಯಿಂದಲೂ, ಒಂದನ್ನು ನೀಲಿ ಹಾಳೆಯಿಂದಲೂ ಮುಚ್ಚಿ, ನಾಲ್ಕನೆಯದನ್ನು ತೆರೆದಿಟ್ಟು ಬಿಸಿಲಿಗಿಡಿ. ಗಂಟೆಗೊಮ್ಮೆ ಹೋಲಿಸಿ ನೋಡಿ. ಅರಿಶಿನವು ಹೀರುವುದು ನೀಲಿ ನೇರಳೆ ಬೆಳಕನ್ನು. ಹಾಗಿದ್ದ ಮೇಲೆ ಯಾವ ಹಾಳೆಯ ಕೆಳಗೆ ಅದು ಹೆಚ್ಚು ಕಾಲ ಬಾಳಬೇಕೆಂಬುದನ್ನು ಮೊದಲೇ ಊಹಿಸಿ ಬರೆದಿಟ್ಟುಕೊಂಡು ಆಮೇಲೆ ಪರೀಕ್ಷಿಸುವುದು ಒಳ್ಳೆಯದು.

ಬ್ರೂಕ್ಲಿನ್ ದಿಬ್ಬದ ಚಿತ್ರಕ್ಕೆ ಹಿಂದಿರುಗೋಣ. ಜಾನ್ ಹಿಲ್ ಎಂಬ ಕೆತ್ತನೆಗಾರನು 1823ರಲ್ಲಿಯೇ ಅದನ್ನು ತಾಮ್ರದ ಫಲಕದ ಮೇಲೆ ಕೆತ್ತಿ ಪ್ರತಿಗಳನ್ನು ಅಚ್ಚುಮಾಡಿದನು. ಇಂದು ಅದರ ಪ್ರತಿರೂಪವನ್ನು ಲೋಕದ ಯಾವ ಮೂಲೆಯಲ್ಲಿದ್ದವರೂ ಮೂಲಕ್ಕೆ ಬೆಳಕಿನ ಹೊರೆಯನ್ನು ಹೊರಿಸದೆ ಕಂಪ್ಯೂಟರಿನಲ್ಲಿ ನೋಡಬಹುದು. ಆದರೆ ಅಂಥ ಪ್ರತಿರೂಪವು ಚಿತ್ರದ ಇಂದಿನ ಬಣ್ಣವನ್ನಷ್ಟೇ ಬಲ್ಲುದು. ವಾಲ್ ತನ್ನ ಕೈಯಾರೆ ಬಳಿದ ಕಣಗಳಲ್ಲಿ ಉಳಿದಿರುವ ಸಾಕ್ಷ್ಯ, ಮುಂದೆ ಇನ್ನೂ ಸೂಕ್ಷ್ಮವಾದ ಉಪಕರಣ ಬಂದಾಗ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಇವು ಮೂಲದ ಹಾಳೆಯಲ್ಲಿ ಮಾತ್ರ ಇವೆ.

ದಡವನ್ನು ಬೆಂಕಿ ಒಂದೇ ರಾತ್ರಿಯಲ್ಲಿ ಸುಟ್ಟಿತು. ಅದರ ಚಿತ್ರವನ್ನು ಬೆಳಕು ಶತಮಾನಗಳ ಕಾಲ, ಹೊಗೆಯಿಲ್ಲದೆ, ಸುಡುತ್ತಿರುವುದು. ಈ ಎರಡನೆಯ ಬೆಂಕಿಯನ್ನು ಪೂರ್ತಿ ಆರಿಸಿದರೆ ಚಿತ್ರವೇ ಕಾಣದು. ಅದನ್ನು ಎಷ್ಟು ಸಣ್ಣದಾಗಿ ಉರಿಸಬೇಕೆಂಬುದನ್ನು ಲೆಕ್ಕಹಾಕಿ ಹೇಳುವುದು ಭೌತವಿಜ್ಞಾನದ ಕೆಲಸ. ನಮ್ಮ ಕಾಲಕ್ಕೆ ಎಷ್ಟು, ಮುಂದಿನವರಿಗೆ ಎಷ್ಟು ಎಂದು ಪಾಲು ಮಾಡುವುದು ನೋಡುವವರೆಲ್ಲರ ಕೆಲಸ. ನಿಮ್ಮ ಮನೆಯಲ್ಲಿ ಹಿರಿಯರು ಬರೆದ ಜಲವರ್ಣ ಚಿತ್ರವೊಂದಿದ್ದರೆ, ಅದು ಯಾವ ಕಿಟಕಿಯ ಎದುರಿಗಿದೆಯೆಂದು ಇಂದೇ ಒಮ್ಮೆ ಎದ್ದು ನೋಡುವುದು ಲೇಸು.